ಬಯಲುಸೀಮೆಯ ಕೈತೋಟಕ್ಕೆ ಕಾಡು ಟ್ಯುಲಿಪ್: ಯಾವುದನ್ನು ತರಬೇಕು, ಯಾವುದನ್ನು ಬಿಡಬೇಕು

ಶ್ರೀನಗರದ ಜಬರ್‌ವಾನ್ ಬೆಟ್ಟದ ತಪ್ಪಲಿನ ಟ್ಯುಲಿಪ್ ತೋಟ 2007ರಲ್ಲಿ ತೆರೆಯಿತು. ಅಲ್ಲಿಂದೀಚೆಗೆ ಪ್ರತಿ ವರ್ಷ ಮಾರ್ಚ್ ಕೊನೆಯಲ್ಲಿ ಅದರ ಫೋಟೊಗಳು ಹರಿದಾಡುತ್ತವೆ. ಅದರ ಬೆನ್ನಿಗೇ ಚಿಕ್ಕಬಳ್ಳಾಪುರ, ಕೋಲಾರ, ತುಮಕೂರಿನ ಕೈತೋಟದವರು ಕೇಳುತ್ತಾರೆ: ದೊಡ್ಡ ಹೂವಿನ ಟ್ಯುಲಿಪ್ ನಮ್ಮ ಸೆಕೆಗೆ ಬರುವುದಿಲ್ಲವಂತೆ, ಕಾಡು ಜಾತಿಯವು ಬರುತ್ತವಂತೆ, ಹೌದಾ? ಬರುವುದಾದರೆ ಅಷ್ಟೊಂದು ಜಾತಿಗಳಲ್ಲಿ ಯಾವುದು?

ಬರುತ್ತವೆ. ಆದರೆ ಎಲ್ಲವೂ ಬರುವುದಿಲ್ಲ, ಬರುವವೂ ಫ್ರಿಜ್ಜಿನ ನೆರವಿಲ್ಲದೆ ಬರುವುದಿಲ್ಲ. ಬಣ್ಣ ನೋಡಿ ಆರಿಸಿದರೆ ಇಲ್ಲಿ ದುಡ್ಡು ಹಾಳು. ಗೆಡ್ಡೆ ಎಷ್ಟು ಚಳಿ ಕೇಳುತ್ತದೆ, ಮಳೆಗಾಲದಲ್ಲಿ ಎಲ್ಲಿ ಮಲಗುತ್ತದೆ, ಈ ಎರಡನ್ನು ಮೊದಲು ನೋಡಬೇಕು. ಬಣ್ಣ ಆಮೇಲೆ.

ಯಾವುದರಿಂದ ಅಳೆಯಬೇಕು

ಟ್ಯುಲಿಪ್ ಕುಲದ ತವರು ದಕ್ಷಿಣ ಯೂರೋಪಿನಿಂದ ಮಧ್ಯ ಏಷ್ಯಾದವರೆಗೆ ಹರಡಿದೆ. ಅತಿ ಹೆಚ್ಚು ಜಾತಿಗಳು ಇರುವುದು ತಿಯೆನ್ ಶಾನ್ ಮತ್ತು ಪಾಮೀರ್ ಬೆಟ್ಟಸಾಲುಗಳಲ್ಲಿ. ಅಲ್ಲಿ ಚಳಿಗಾಲದಲ್ಲಿ ಹಿಮ, ಆಮೇಲೆ ಒಂದೆರಡು ತಿಂಗಳ ಹಸಿ ವಸಂತ, ಅದಾದ ಮೇಲೆ ಸುಡುವ ಒಣ ಬೇಸಿಗೆ. ಗೆಡ್ಡೆ ಆ ಬೇಸಿಗೆಯನ್ನೆಲ್ಲ ಒಣಮಣ್ಣಲ್ಲಿ ಮಲಗಿ ಕಳೆಯುತ್ತದೆ. ನಾವು ಕೊಳ್ಳುವ ಗೆಡ್ಡೆಯೊಳಗೆ ಹೂಮೊಗ್ಗು ಆಗಲೇ ಕೂತಿರುತ್ತದೆ. ಆದರೆ 9 ಡಿಗ್ರಿಗಿಂತ ಕಡಿಮೆ ಚಳಿಯಲ್ಲಿ ಹಲವು ವಾರ ಕಳೆಯದಿದ್ದರೆ ಹೂವಿನ ದಂಟು ಉದ್ದವಾಗುವುದಿಲ್ಲ. ಆಗ ಎಲೆ ಮಾತ್ರ ಬರುತ್ತದೆ, ಮೊಗ್ಗು ಒಳಗೇ ಒಣಗುತ್ತದೆ, ಇಲ್ಲವೇ ಎಲೆಗಳ ನಡುವೆ ಕುಳಿತ ಗಿಡ್ಡ ಹೂ ಅರಳುತ್ತದೆ.

ನಮ್ಮ ಕಡೆ ಡಿಸೆಂಬರ್–ಜನವರಿಯ ರಾತ್ರಿ ಸಾಮಾನ್ಯವಾಗಿ 13ರಿಂದ 16 ಡಿಗ್ರಿ, ಹಗಲು 27ರ ಆಸುಪಾಸು. 1,478 ಮೀಟರ್ ಎತ್ತರದ ನಂದಿ ಬೆಟ್ಟದ ತುದಿಯಲ್ಲಿ ರಾತ್ರಿ ಇದಕ್ಕಿಂತ ತಣ್ಣಗಿದ್ದರೂ ಹಗಲಿಗೆ ಮತ್ತೆ ಬಿಸಿಯೇರುತ್ತದೆ. ಹಾಗಾಗಿ ಈ ಮೂರು ಜಿಲ್ಲೆಗಳಲ್ಲಿ ಎಲ್ಲಿದ್ದರೂ ಬಯಲ ಚಳಿಯನ್ನು ನಂಬುವಂತಿಲ್ಲ. ಯಾವ ಜಾತಿಗೆ ಕಡಿಮೆ ವಾರದ ಚಳಿ ಸಾಕೋ ಅದು ನಮಗೆ ಹತ್ತಿರ. ಇದು ಮೊದಲನೇ ಅಳತೆ.

ಎರಡನೆಯದು ಮಳೆ. ಗೆಡ್ಡೆ ಮಲಗುವ ಹೊತ್ತಿಗೆ, ಅಂದರೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ, ನಮ್ಮಲ್ಲಿ ಮೊದಲು ಗುಡುಗು ಮಳೆ, ಆಮೇಲೆ ಮುಂಗಾರು, ಕೊನೆಗೆ ಹಿಂಗಾರು. ಬಿಸಿಮಣ್ಣಿನ ಜೊತೆಗೆ ತೇವ ಸೇರಿದರೆ ಗೆಡ್ಡೆ ಕೊಳೆಯುತ್ತದೆ. ಪಾವಗಡದಂಥ ಒಣ ತಾಲ್ಲೂಕಲ್ಲೂ ಇದಕ್ಕೆ ವಿನಾಯಿತಿ ಇಲ್ಲ. ನೆಲದಲ್ಲಿ ಬಿಟ್ಟರೆ ತಾನಾಗಿ ಮುಂದಿನ ವರ್ಷ ಬರುತ್ತದೆ ಎಂಬ ಮಾತು ಇಂಗ್ಲೆಂಡಿನ ತೋಟದ ಪುಸ್ತಕಗಳಿಗೆ ಸರಿ, ನಮ್ಮ ಕೆಮ್ಮಣ್ಣಿಗೆ ಸರಿಯಲ್ಲ.

ಮೂರನೆಯದು ನೀರು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಬೋರ್‌ವೆಲ್ ನೀರು ಗಡಸು, ಹಲವೆಡೆ ಫ್ಲೋರೈಡ್ ಕೂಡ ಹೆಚ್ಚು. ಟ್ಯುಲಿಪ್ ಮತ್ತು ಗ್ಲಾಡಿಯೋಲಸ್ ಎರಡೂ ಫ್ಲೋರೈಡಿಗೆ ನಾಜೂಕು, ಎಲೆಯ ತುದಿ ಸುಟ್ಟಂತೆ ಕಂದಾಗುತ್ತದೆ. ಹಿಡಿದಿಟ್ಟ ಮಳೆನೀರು ಒಳ್ಳೆಯದು, ಇಲ್ಲದಿದ್ದರೆ ಆರ್‌ಒ ಯಂತ್ರದಿಂದ ಬರುವ ಕುಡಿಯುವ ನೀರು. ಯಂತ್ರ ಹೊರಗೆ ಬಿಡುವ ನೀರನ್ನು ವ್ಯರ್ಥವಾಗಬಾರದೆಂದು ಗಿಡಕ್ಕೆ ಹಾಕುವವರಿದ್ದಾರೆ. ಉಪ್ಪೆಲ್ಲ ಸೇರಿರುವುದು ಅದರಲ್ಲೇ. ಅದನ್ನು ಟ್ಯುಲಿಪ್ ಕುಂಡಕ್ಕೆ ಹಾಕಲೇಬೇಡಿ.

ಕೊನೆಯದು, ಕೈಗೆ ಬಂದದ್ದು ನಿಜವಾಗಿ ಆ ಜಾತಿಯೇ ಎಂದು ಗುರುತು ಹಿಡಿಯುವ ಅನುಕೂಲ. ಕಾಡು ಜಾತಿಗೆ ಬೆಲೆ ಹೆಚ್ಚು, ಬದಲಿ ಮಾಲು ಕೊಡುವುದೂ ಹೆಚ್ಚು.

ಕ್ಲೂಸಿಯಾನಾ: ಮೊದಲು ನೋಡಬೇಕಾದದ್ದು

ಟ್ಯುಲಿಪಾ ಕ್ಲೂಸಿಯಾನಾ ಇರಾನ್, ಅಫ್ಘಾನಿಸ್ತಾನದಿಂದ ಪಶ್ಚಿಮ ಹಿಮಾಲಯದವರೆಗೆ ಬೆಳೆಯುವ ಜಾತಿ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಂಥ ಬಿಸಿ ನಾಡಿನ ತೋಟಗಾರರು ಮೊದಲು ಕೈಹಾಕುವುದು ಇದಕ್ಕೇ, ಯಾಕೆಂದರೆ ಇದು ಕೇಳುವ ಚಳಿ ಕಡಿಮೆ. ದೊಡ್ಡ ಹೂವಿನ ಮಿಶ್ರತಳಿಗಳಿಗೆ 12ರಿಂದ 16 ವಾರ ಬೇಕಾದರೆ ಇದಕ್ಕೆ ಫ್ರಿಜ್ಜಿನಲ್ಲಿ 8ರಿಂದ 10 ವಾರ ಸಾಕು.

ಗಿಡ 25–30 ಸೆಂಟಿಮೀಟರ್ ಎತ್ತರ, ದಂಟು ಸಣ್ಣ, ಆದರೆ ಬಾಗುವುದಿಲ್ಲ. ಎಲೆ ಕಿರಿದು, ಬೂದುಹಸಿರು, ನಡುವೆ ಕಾಲುವೆಯಂತೆ ಮಡಿಕೆ. ಮೊಗ್ಗು ಮುಚ್ಚಿದ್ದಾಗ ಹೊರಗಿನ ಮೂರು ದಳಗಳ ಮೇಲೆ ಕೆಂಪು ಪಟ್ಟೆ, ಅಂಚಿಗೆ ಬಿಳಿ. ಬಿಸಿಲಿಗೆ ಬಿಚ್ಚಿದಾಗ ಒಳಗೆ ಬಿಳಿ, ಬುಡದಲ್ಲಿ ಕಡುನೇರಳೆ ಮಚ್ಚೆ, ಕೇಸರಗಳೂ ನೇರಳೆ. ಇದರದೇ ಕ್ರಿಸಾಂಥಾ ಎಂಬ ಬಗೆಯಲ್ಲಿ ಒಳಗೆಲ್ಲ ಹಳದಿ, ಮಚ್ಚೆ ಇಲ್ಲ. ‘ಲೇಡಿ ಜೇನ್’ ಕೆಂಪು-ಬಿಳಿ, ‘ಸಿಂಥಿಯಾ’ ಕೆಂಪು-ಹಳದಿ. ಹೆಸರುಳ್ಳ ಈ ತಳಿಗಳು ಮೂಲ ಜಾತಿಗಿಂತ ಸುಲಭವಾಗಿ ಸಿಗುತ್ತವೆ, ನಮ್ಮ ಉದ್ದೇಶಕ್ಕೆ ಅಷ್ಟೇ ಒಳ್ಳೆಯವು.

ಗೆಡ್ಡೆ ಕೈಗೆ ಬಂದಾಗ ಅನೇಕರಿಗೆ ನಿರಾಸೆಯಾಗುತ್ತದೆ, ಇಷ್ಟು ಚಿಕ್ಕದಾ ಎಂದು. ಟ್ಯುಲಿಪ್ ಗೆಡ್ಡೆಯನ್ನು ಅಳೆಯುವುದು ಸುತ್ತಳತೆಯಲ್ಲಿ. ಮಿಶ್ರತಳಿಯದು 12 ಸೆಂಟಿಮೀಟರಿಗೆ ಮೇಲಿರುತ್ತದೆ. ಕ್ಲೂಸಿಯಾನಾಕ್ಕೆ 5–6 ಇದ್ದರೆ ಅದು ಹೂ ಬಿಡುವ ಗಾತ್ರವೇ. ಕಂದು ಸಿಪ್ಪೆ ಗಟ್ಟಿಯಾಗಿ, ತೊಗಲಿನಂತಿರುತ್ತದೆ. ತುದಿಯಲ್ಲಿ ಉಣ್ಣೆಯಂಥ ಕೂದಲು ಇಣುಕುತ್ತಿದ್ದರೆ ಕ್ಲೂಸಿಯಾನಾ ಎನ್ನಲು ಅದು ಬಲವಾದ ಗುರುತು. ಹೂ ಬಂದ ಮೇಲೆ ಇನ್ನೊಂದು ಪರೀಕ್ಷೆ ಇದೆ. ಕೇಸರದ ದಂಟಿನ ಬುಡವನ್ನು ಭೂತಗನ್ನಡಿಯಲ್ಲಿ ನೋಡಿ, ಕ್ಲೂಸಿಯಾನಾದಲ್ಲಿ ಅದು ನುಣುಪು. ಮುಂದೆ ಬರುವ ಸ್ಯಾಕ್ಸಾಟಿಲಿಸ್, ಸಿಲ್ವೆಸ್ಟ್ರಿಸ್, ಟಾರ್ಡಾ, ತುರ್ಕಿಸ್ತಾನಿಕಾಗಳಲ್ಲಿ ಅಲ್ಲಿ ಕೂದಲ ಗೊಂಚಲು ಇರುತ್ತದೆ. ಬಣ್ಣ ಮೋಸ ಮಾಡಬಹುದು, ಈ ಗುರುತು ಮೋಸ ಮಾಡುವುದಿಲ್ಲ.

ಇದರ ಕೊರತೆ ಏನು? ಹೂ ಮೋಡದಲ್ಲಿ ಮತ್ತು ಸಂಜೆ ಮುಚ್ಚಿಕೊಳ್ಳುತ್ತದೆ. ಕೆಲಸಕ್ಕೆ ಹೋಗಿ ಕತ್ತಲಾದ ಮೇಲೆ ಮನೆಗೆ ಬರುವವರಿಗೆ ಭಾನುವಾರವೇ ಗತಿ. ನಮ್ಮ ಫೆಬ್ರವರಿ ಬಿಸಿಲಿಗೆ ಒಂದು ಹೂ ನಾಲ್ಕೈದು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಮುಂದಿನ ವರ್ಷಕ್ಕೆ ಗೆಡ್ಡೆ ಉಳಿಸುವುದು ಕಷ್ಟ, ಅದರ ಕಾರಣ ಮುಂದೆ ಹೇಳಿದ್ದೇನೆ.

ಉಳಿದ ಕಾಡು ಜಾತಿಗಳು

ಸ್ಯಾಕ್ಸಾಟಿಲಿಸ್ ಕ್ರೀಟ್ ದ್ವೀಪದ್ದು, ಮೆಡಿಟರೇನಿಯನ್ ಸೆಕೆಗೆ ಒಗ್ಗಿದ್ದು. ಚಳಿಯ ಲೆಕ್ಕದಲ್ಲಿ ಕ್ಲೂಸಿಯಾನಾಕ್ಕೆ ಸಮ, ಬೇಸಿಗೆಯ ಒಣ ಬಿಸಿ ತಡೆಯುವುದರಲ್ಲಿ ಒಂದು ಕೈ ಮೇಲು. ತಿಳಿ ನೇರಳೆ-ಗುಲಾಬಿ ಹೂ, ನಡುವೆ ಅಗಲ ಹಳದಿ, ಒಂದು ದಂಟಿಗೆ ಕೆಲವೊಮ್ಮೆ ಎರಡು ಮೂರು. ಎಲೆ ಅಗಲವಾಗಿ, ಹೊಳೆಯುವ ಹಸಿರಾಗಿರುತ್ತದೆ. ಬೂದುಬಣ್ಣದ ಎಲೆ ಬಂದರೆ ಅದು ಸ್ಯಾಕ್ಸಾಟಿಲಿಸ್ ಅಲ್ಲ. ‘ಲೈಲಾಕ್ ವಂಡರ್’ ಎಂಬ ಹೆಸರಲ್ಲಿ ಸಿಗುವುದು ಇದರ ಹತ್ತಿರದ ಬಳಗವೇ. ತೊಂದರೆ ಏನೆಂದರೆ ಇದು ಬೇರಿನ ಬಳ್ಳಿ ಬಿಟ್ಟು ಹರಡುವುದರಲ್ಲಿ ಶಕ್ತಿ ಕಳೆಯುತ್ತದೆ, ಹೂವಿಗೆ ಜಿಪುಣ. ಇಕ್ಕಟ್ಟಾದ ಕುಂಡದಲ್ಲಿ ಒತ್ತಾಗಿ ನೆಟ್ಟರೆ ಹೂ ಬರುವ ಸಾಧ್ಯತೆ ಹೆಚ್ಚು. ಎರಡನೇ ವರ್ಷಕ್ಕೂ ಗೆಡ್ಡೆ ಉಳಿಸಿ ನೋಡುತ್ತೇನೆ ಎನ್ನುವ ಹಟದವರಿಗೆ ನಾನು ಹೇಳುವುದು ಇದನ್ನೇ.

ಸಿಲ್ವೆಸ್ಟ್ರಿಸ್ ಹಳದಿ, ಪರಿಮಳವುಳ್ಳದ್ದು, ಮೊಗ್ಗು ತಲೆಬಾಗಿ ನಿಂತು ಅರಳುವಾಗ ಮೇಲೇಳುತ್ತದೆ. ನೋಡಲು ಚೆಂದ, ಆದರೆ ತಣ್ಣನೆಯ ದೇಶಗಳಲ್ಲೇ ಎಲೆ ತುಂಬಿ ಹೂ ಬಿಡದೆ ಸತಾಯಿಸುತ್ತದೆ. ಇಲ್ಲಿ ಬೇಡ.

ಲಿನಿಫೋಲಿಯಾ ಕೆಂಪಿಗೆ ಕೆಂಪು, ಬುಡದಲ್ಲಿ ಕಪ್ಪು, ಎಲೆ ಹುಲ್ಲಿನಂತೆ ಕಿರಿದು, ಅಂಚು ಅಲೆಯಲೆ. ಗಿಡ 15 ಸೆಂಟಿಮೀಟರ್ ಆಸುಪಾಸು, ಅಡುಗೆಮನೆ ಕಿಟಕಿಗೆ ಹೇಳಿ ಮಾಡಿಸಿದ ಗಾತ್ರ. 12 ವಾರ ಫ್ರಿಜ್ಜಿನಲ್ಲಿಡುವ ತಾಳ್ಮೆ ಇದ್ದರೆ ಎರಡನೇ ಪ್ರಯತ್ನಕ್ಕೆ ಇಟ್ಟುಕೊಳ್ಳಿ.

ಟಾರ್ಡಾ, ತುರ್ಕಿಸ್ತಾನಿಕಾ, ಹ್ಯೂಮಿಲಿಸ್, ಪ್ರೆಸ್ಟಾನ್ಸ್, ಕೌಫ್‌ಮನಿಯಾನಾ, ಇವೆಲ್ಲ ಎತ್ತರದ ಚಳಿಬೆಟ್ಟಗಳ ಮಕ್ಕಳು. ಫೋಟೊದಲ್ಲಿ ಅತಿ ಹೆಚ್ಚು ಮರುಳು ಮಾಡುವವೂ ಇವೇ: ಟಾರ್ಡಾದ ಹಳದಿ ನಕ್ಷತ್ರಕ್ಕೆ ಬಿಳಿ ತುದಿ, ತುರ್ಕಿಸ್ತಾನಿಕಾದ ಒಂದೇ ದಂಟಿಗೆ ಹತ್ತರವರೆಗೆ ಹೂ (ವಾಸನೆ ಮಾತ್ರ ಚೆನ್ನಾಗಿರುವುದಿಲ್ಲ). ಇವಕ್ಕೆ 14 ವಾರದ ಚಳಿ ಕೊಟ್ಟರೂ ಹೊರಗೆ ತಂದ ಮೇಲೆ ತಂಪಾದ ವಾರಗಳು ಬೇಕು. ಅದು ನಮ್ಮಲ್ಲಿಲ್ಲ. ಆಸೆ ಬಿಡಿ.

ದೊಡ್ಡ ಹೂವಿನ ಮಿಶ್ರತಳಿಯ ಬಗ್ಗೆ ಒಂದು ಮಾತು. ದೆಹಲಿಯ ರಸ್ತೆಬದಿಯಲ್ಲಿ ಫೆಬ್ರವರಿಗೆ ಅರಳುವ ಟ್ಯುಲಿಪ್‌ಗಳು ನೆದರ್‌ಲ್ಯಾಂಡ್ಸಿನಿಂದ ತರಿಸಿದ ಗೆಡ್ಡೆಗಳಿಂದ ಬಂದವು. ದೆಹಲಿಯ ಜನವರಿ ರಾತ್ರಿ ನಮ್ಮದಕ್ಕಿಂತ ಬಹಳ ತಣ್ಣಗಿರುತ್ತದೆ. ಚಳಿ ಕೊಟ್ಟು ಮಾರುವ ಗೆಡ್ಡೆ ಸಿಕ್ಕಿದರೆ ನಮ್ಮಲ್ಲೂ ಒಂದು ಸಲ ಹೂ ನೋಡಬಹುದು. ಮನೆಯ ಸಮಾರಂಭಕ್ಕೆ ನಾಲ್ಕು ಕುಂಡ ಬೇಕೆನ್ನುವವರಿಗೆ ಅದು ಸರಿ. ಬೆಳೆಸುವ ಖುಷಿ ಬೇಕೆನ್ನುವವರಿಗೆ ಕ್ಲೂಸಿಯಾನಾ.

ಫ್ರಿಜ್ಜಿನ ಕೆಲಸ: ಎಡವುವುದು ಇಲ್ಲೇ

ಕಾಲದ ಲೆಕ್ಕ ಹೀಗಿಟ್ಟುಕೊಳ್ಳಿ. ಆಯುಧಪೂಜೆ ಆಸುಪಾಸಿಗೆ ಗೆಡ್ಡೆ ಫ್ರಿಜ್ಜಿಗೆ, ಡಿಸೆಂಬರ್ ಕೊನೆಗೆ ಹೊರಗೆ, ಶಿವರಾತ್ರಿಗೆ ಮುಂಚೆ ಹೂ. ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎಂದು ಹೋಗುತ್ತದೆ ಎನ್ನುತ್ತಾರಲ್ಲ, ಆಮೇಲೆ ಅರಳಬೇಕಾದ ಮೊಗ್ಗು ಸೆಕೆಗೆ ಬಾಡುತ್ತದೆ. ಗೆಡ್ಡೆ ತಡವಾಗಿ ನವೆಂಬರ್ ಕೊನೆಗೆ ಬಂದರೆ ಕೊಳ್ಳದಿರುವುದೇ ಲೇಸು.

ಗೆಡ್ಡೆ ಬಂದ ದಿನ ಒಂದೊಂದನ್ನೂ ಒತ್ತಿ ನೋಡಿ. ಮೆತ್ತಗಿರುವುದು, ಹುಳಿವಾಸನೆ ಬರುವುದು ಫ್ಯುಸೇರಿಯಂ ಶಿಲೀಂಧ್ರ ಹಿಡಿದದ್ದು, ತೆಗೆದು ಬಿಸಾಡಿ. ಅದು ಎಥಿಲೀನ್ ಅನಿಲ ಬಿಟ್ಟು ಪಕ್ಕದ ಒಳ್ಳೆಯ ಗೆಡ್ಡೆಗಳ ಮೊಗ್ಗನ್ನೂ ಕೊಲ್ಲುತ್ತದೆ. ಉಳಿದವನ್ನು ಲೀಟರಿಗೆ 2 ಗ್ರಾಂ ಕಾರ್ಬೆಂಡಜಿಂ ಬೆರೆಸಿದ ನೀರಲ್ಲಿ ಅರ್ಧ ಗಂಟೆ ಅದ್ದಿ, ನೆರಳಲ್ಲಿ ಪೂರ್ತಿ ಒಣಗಿಸಿ. ಕೈಗವಸು ಹಾಕಿಕೊಳ್ಳಿ, ಔಷಧಿಗಾಗಿ ಮಾತ್ರವಲ್ಲ, ಟ್ಯುಲಿಪ್ ಗೆಡ್ಡೆಯ ರಸವೂ ಕೆಲವರ ಬೆರಳಿಗೆ ತುರಿಕೆ ತರುತ್ತದೆ.

ಫ್ರಿಜ್ಜಿನಲ್ಲಿಡಲು ಎರಡು ದಾರಿ. ಒಂದು, ಗೆಡ್ಡೆಯನ್ನು ಮಾತ್ರ ತೂತಿರುವ ಕಾಗದದ ಚೀಲದಲ್ಲಿ ತರಕಾರಿ ಅರೆಯಲ್ಲಿ ಇಡುವುದು. ಜಾಗ ಕಡಿಮೆ ಸಾಕು, ಖರ್ಚಿಲ್ಲ. ಇನ್ನೊಂದು, 6 ಇಂಚಿನ ಕುಂಡದಲ್ಲಿ ಗೆಡ್ಡೆ ನೆಟ್ಟು, ಮಣ್ಣು ಹದವಾಗಿ ನೆನೆಸಿ, ತೂತು ಮಾಡಿದ ಪ್ಲಾಸ್ಟಿಕ್ ಹೊದಿಸಿ ಕುಂಡಸಮೇತ ಇಡುವುದು. ಒಂದು ಅರೆಯೇ ಹೋಗುತ್ತದೆ, ಮನೆಯವರ ಒಪ್ಪಿಗೆ ಬೇಕು. ಆದರೂ ನಮ್ಮೂರಿಗೆ ಎರಡನೆಯದೇ ಮೇಲು. ಜನವರಿಯಲ್ಲೂ ನಮ್ಮ ಮಣ್ಣು ಬೆಚ್ಚಗಿರುತ್ತದೆ. ಬೇರಿಲ್ಲದ ಗೆಡ್ಡೆ ಅದರಲ್ಲಿ ಬಿದ್ದರೆ ಬೇರು ಬರುವ ಮೊದಲೇ ಚಿಗುರು ಓಡುತ್ತದೆ, ನೀರು ಸಾಲದೆ ಮೊಗ್ಗು ಒಣಗುತ್ತದೆ. ಕುಂಡಸಮೇತ ಇಟ್ಟರೆ ಬೇರು ಫ್ರಿಜ್ಜಿನೊಳಗೇ ಇಳಿದಿರುತ್ತದೆ. ತಳದ ತೂತಲ್ಲಿ ಬಿಳಿ ಬೇರು ಕಂಡು, ಚಿಗುರು ಎರಡು ಮೂರು ಸೆಂಟಿಮೀಟರ್ ಆದಾಗ ಹೊರಗೆ ತನ್ನಿ.

ಉಷ್ಣತೆ 4ರಿಂದ 7 ಡಿಗ್ರಿ ಇರಲಿ, ಚಿಕ್ಕ ಥರ್ಮಾಮೀಟರ್ ಒಳಗಿಡಿ. ಫ್ರೀಜರ್ ಬೇಡ, ಹಿಮ ಕಟ್ಟುವ ಹಿಂಗೋಡೆಗೆ ತಾಗಿಸಲೂ ಬೇಡ. ಕರೆಂಟು ಒಂದೆರಡು ಗಂಟೆ ಹೋದರೆ ಚಿಂತೆಯಿಲ್ಲ, ಬಾಗಿಲು ತೆಗೆಯದಿದ್ದರಾಯಿತು.

ಕೋಲಾರದ ಕಡೆಯವರು ವಿಶೇಷವಾಗಿ ಗಮನಿಸಬೇಕಾದದ್ದು ಟೊಮೆಟೊ. ಟೊಮೆಟೊ, ಮಾವು, ಬಾಳೆ, ಸೇಬು ಹಣ್ಣಾಗುವಾಗ ಎಥಿಲೀನ್ ಬಿಡುತ್ತವೆ. ಗೆಡ್ಡೆಯಿರುವ ಫ್ರಿಜ್ಜಿನಲ್ಲಿ ಇವನ್ನಿಟ್ಟರೆ ಹೊರಗಿಂದ ಏನೂ ಗೊತ್ತಾಗುವುದಿಲ್ಲ, ಫೆಬ್ರವರಿಯಲ್ಲಿ ಬರೀ ಎಲೆ ಬಂದಾಗಲೇ ತಿಳಿಯುವುದು. ಹಣ್ಣು-ತರಕಾರಿ ಇಡುವ ಶೀತಲಗೃಹದಲ್ಲಿ ಒಂದು ಮೂಲೆ ಸಿಕ್ಕಿತೆಂದು ಹಿಗ್ಗಬೇಡಿ, ಅಪಾಯ ಅದೇ. ಹತ್ತು ವಾರ ಹಣ್ಣನ್ನು ಹೊರಗಿಡಲಾಗದ ಮನೆಯಲ್ಲಿ ಹಳೆಯ ಚಿಕ್ಕ ಫ್ರಿಜ್ಜೊಂದನ್ನು ಇದಕ್ಕೇ ಮೀಸಲಿಡಬೇಕಾಗುತ್ತದೆ. ಇನ್ನೊಂದು ಎಚ್ಚರಿಕೆ: ಚೀಲದ ಮೇಲೆ ದೊಡ್ಡ ಅಕ್ಷರದಲ್ಲಿ ‘ತಿನ್ನಬಾರದು’ ಎಂದು ಬರೆಯಿರಿ. ನೋಡಲು ಸಾಂಬಾರ್ ಈರುಳ್ಳಿಯಂತೆಯೇ ಇರುತ್ತದೆ, ಆದರೆ ವಿಷ.

ಮಣ್ಣಿಗೆ ಕೆಮ್ಮಣ್ಣು ಎರಡು ಪಾಲು, ದಪ್ಪ ಮರಳು ಎರಡು ಪಾಲು, ಪೂರ್ತಿ ಕಳಿತ ಎಲೆಗೊಬ್ಬರ ಒಂದು ಪಾಲು. ಎಂ ಸ್ಯಾಂಡ್ ಆದರೆ ಜರಡಿ ಹಿಡಿದು ಧೂಳು ತೆಗೆದು, ತೊಳೆದು ಹಾಕಿ. ಧೂಳು ಉಳಿದರೆ ನೀರು ಬಿದ್ದಾಗ ಗಾರೆಯಂತೆ ಕಟ್ಟಿಕೊಳ್ಳುತ್ತದೆ. ಕೊಕೊಪೀಟ್ ನೀರು ಹಿಡಿದಿಡುತ್ತದೆ, ಬೇಡ. ಹಸಿ ಸಗಣಿ ಸುತರಾಂ ಬೇಡ. ಹೂವಿನ ಆಹಾರ ಗೆಡ್ಡೆಯಲ್ಲೇ ಇರುವುದರಿಂದ ಡಿಎಪಿಯ ಅಗತ್ಯವೂ ಇಲ್ಲ. 6 ಇಂಚಿನ ಕುಂಡಕ್ಕೆ ಐದಾರು, 8 ಇಂಚಿನದಕ್ಕೆ ಎಂಟೊಂಬತ್ತು ಗೆಡ್ಡೆ, ಗೆಡ್ಡೆಯ ಎತ್ತರದ ಮೂರರಷ್ಟು ಆಳ. ಮೇಲೆ ಒಂದು ಬೆರಳು ದಪ್ಪ ಸಣ್ಣ ಜಲ್ಲಿ ಹರಡಿದರೆ ಮಣ್ಣು ತಂಪಾಗಿರುತ್ತದೆ. ಇಲಿ, ಅಳಿಲು ಕೆದಕದಂತೆ ಕೋಳಿಬಲೆ ಮುಚ್ಚಿ.

ಹೊರಗೆ ತಂದ ಮೊದಲ ವಾರ ಮನೆಯ ಅತಿ ತಂಪಾದ, ಬೆಳಕಿರುವ ಮೂಲೆಯಲ್ಲಿಡಿ. ಆಮೇಲೆ ಬೆಳಗಿನ ಹತ್ತು ಗಂಟೆವರೆಗಿನ ಬಿಸಿಲು, ಉಳಿದ ಹೊತ್ತು ನೆರಳು. ತಾರಸಿಯ ಕಾದ ಸಿಮೆಂಟಿನ ಮೇಲೆ ಕುಂಡ ಇಡಬೇಡಿ, ಕೆಳಗೆ ಎರಡು ಇಟ್ಟಿಗೆ ಕೊಡಿ. ಮಣ್ಣಿನ ಕುಂಡ ಪ್ಲಾಸ್ಟಿಕ್ಕಿಗಿಂತ ಲೇಸು, ಅದರ ಮೈಯಿಂದ ನೀರಾರಿ ಬೇರು ತಂಪಾಗುತ್ತದೆ.

ಹೂ ಮುಗಿದ ಮೇಲೆ ಎಲೆ ಇನ್ನೂ ಆರು ವಾರ ಹಸಿರಾಗಿದ್ದರೆ ಗೆಡ್ಡೆ ತುಂಬಿಕೊಳ್ಳುತ್ತದೆ. ಆದರೆ ಮಾರ್ಚಿನ ಬಿಸಿಲು ಅದಕ್ಕೆ ಮೊದಲೇ ಎಲೆ ಒಣಗಿಸುತ್ತದೆ, ಗೆಡ್ಡೆ ಚೂರುಚೂರು ಮರಿಗಳಾಗಿ ಒಡೆಯುತ್ತದೆ. ಮುಂದಿನ ವರ್ಷದ ಮೊಗ್ಗು ಕೂಡುವುದೂ ಬೇಸಿಗೆಯ ಶೇಖರಣೆಯಲ್ಲೇ, 20 ಡಿಗ್ರಿ ಆಸುಪಾಸಿನಲ್ಲಿ. ನಮ್ಮ ಏಪ್ರಿಲ್ ಅದಕ್ಕೆ ಬಿಡುವುದಿಲ್ಲ. ಉಳಿಸಿ ನೋಡುವವರು ಎಲೆ ಪೂರ್ತಿ ಒಣಗಿದ ಮೇಲೆ ಕಿತ್ತು, ಒಣಮರಳಲ್ಲಿ ಹಾಕಿ, ಗಾಳಿಯಾಡುವ ತಂಪು ಕೋಣೆಯಲ್ಲಿಡಿ. ಲೆಕ್ಕ ಮಾತ್ರ ಒಂದು ಋತುವಿನದೇ ಹಾಕಿಕೊಳ್ಳಿ.

ಕೊಳ್ಳುವಾಗ

‘ಟ್ಯುಲಿಪ್ ಬೀಜ’ ಎಂಬ ಪೊಟ್ಟಣ ಬೇಡ. ನಿಜವಾದ ಬೀಜವಾದರೂ ಹೂವಿಗೆ ನಾಲ್ಕರಿಂದ ಏಳು ವರ್ಷ, ಪ್ರತಿ ವರ್ಷವೂ ಚಳಿ ಬೇಕು. ಅಚ್ಚ ನೀಲಿ ಟ್ಯುಲಿಪ್ ಎಂಬುದು ಇಲ್ಲ. ವಿದೇಶದ ಅಂಗಡಿಯಿಂದ ಅಂಚೆಯಲ್ಲಿ ನೇರ ತರಿಸಬೇಡಿ. 2003ರ ಸಸ್ಯ ಕ್ವಾರಂಟೈನ್ ಆದೇಶದಂತೆ ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಭಾರತದಲ್ಲೇ ಮಾರುವವರಿಂದ, ಜಾತಿ ಮತ್ತು ಸುತ್ತಳತೆ ಎರಡನ್ನೂ ಬರೆದು ಕೊಡುವವರಿಂದ ಕೊಳ್ಳಿ. ಬಂದ ಗೆಡ್ಡೆಗೆ ಉದ್ದನೆಯ ಕುತ್ತಿಗೆ ಇದ್ದರೆ ಅದು ಮಳೆ ಲಿಲ್ಲಿಯೋ ಇನ್ನೇನೋ. ಟ್ಯುಲಿಪ್ ಗೆಡ್ಡೆ ಹನಿಯಾಕಾರ, ತುದಿ ಚೂಪು.

ಫ್ರಿಜ್ಜೇ ಬೇಡ ಎನ್ನುವವರಿಗೆ

ನರ್ಸರಿಯಲ್ಲಿ ಟ್ಯುಲಿಪ್ ಎಂದು ಕೇಳಿದರೆ ಹಲವು ಕಡೆ ಕೊಡುವುದು ಸಿಯಾಮ್ ಟ್ಯುಲಿಪ್. ಅದು ಅರಿಶಿನದ ಕುಲದ್ದು, ಥಾಯ್ಲೆಂಡ್, ಲಾವೋಸ್, ಕಾಂಬೋಡಿಯಾ ಕಡೆಯದು. ಮೋಸ ಹೋದೆನೆಂದು ಬೇಜಾರಾಗಬೇಡಿ, ನಮ್ಮ ಹವೆಗೆ ಇದು ಒಳ್ಳೆಯ ಗಿಡ. ಇದರ ಲೆಕ್ಕ ಟ್ಯುಲಿಪ್‌ಗೆ ಪೂರ್ತಿ ತಿರುಗುಮುರುಗು: ಮಳೆಯಲ್ಲಿ ಬೆಳೆದು ಚಳಿಗಾಲದಲ್ಲಿ ಒಣಗಿ ಮಲಗುತ್ತದೆ. ಮೇ ತಿಂಗಳ ಮೊದಲ ಮಳೆಗೆ ಐದು ಸೆಂಟಿಮೀಟರ್ ಆಳಕ್ಕೆ ನೆಟ್ಟರೆ ಆಗಸ್ಟ್ ಹೊತ್ತಿಗೆ ಗುಲಾಬಿ ಬಣ್ಣದ ತೆನೆ. ಹೂವೆಂದು ಕಾಣುವ ಆ ಗುಲಾಬಿ ದಳಗಳು ಎಲೆಯ ರೂಪಾಂತರ, ನಿಜವಾದ ಹೂ ಅವುಗಳ ಸಂದಿಯಲ್ಲಿ ಚಿಕ್ಕದಾಗಿ ನೇರಳೆಯಾಗಿರುತ್ತದೆ. ವಾರಗಟ್ಟಲೆ ನಿಲ್ಲುತ್ತದೆ, ಹೂದಾನಿಗೂ ಆಗುತ್ತದೆ. ಟೊಮೆಟೊ ಅಥವಾ ಶುಂಠಿ ಬೆಳೆದ ಹೊಲದ ಮಣ್ಣನ್ನು ಮಾತ್ರ ಹಾಕಬೇಡಿ. ಅವನ್ನು ಸೊರಗಿಸುವ ರಾಲ್ಸ್ಟೋನಿಯಾ ಬ್ಯಾಕ್ಟೀರಿಯಾ ಇದನ್ನೂ ಹಿಡಿಯುತ್ತದೆ.

ನೆಲದಲ್ಲೇ ಇದ್ದು ವರ್ಷವರ್ಷ ಹೂ ಬಿಡುವ ದೊಡ್ಡ ಗೆಡ್ಡೆ ಬೇಕೆಂದರೆ ಹಳೆ ಮನೆಗಳ ಮುಂದಿರುವ ಕೆಂಪು ಅಮರಿಲ್ಲಿಸ್. ಪರಿಮಳ ಬೇಕೆಂದರೆ ಸುಗಂಧರಾಜ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ಪ್ರಜ್ವಲ್’ ತಳಿ. ಕಾಸು ಖರ್ಚಿಲ್ಲದೆ ಆಗಬೇಕೆಂದರೆ ಪಕ್ಕದ ಮನೆಯವರಿಂದ ಒಂದು ಹಿಡಿ ಮಳೆ ಲಿಲ್ಲಿ.

ಹಾಗಾದರೆ ನಿಮಗೆ ಯಾವುದು? ಫ್ರಿಜ್ಜಿನ ಒಂದು ಅರೆ ಹತ್ತು ವಾರ ಬಿಟ್ಟುಕೊಡಬಲ್ಲಿರಾದರೆ, ಒಂದೇ ವರ್ಷದ ಹೂವಿಗೆ ಗೆಡ್ಡೆಯ ದುಡ್ಡು ಹಾಕಲು ಮನಸ್ಸಿದ್ದರೆ, ಹತ್ತು ಹನ್ನೆರಡು ಕ್ಲೂಸಿಯಾನಾ ಗೆಡ್ಡೆ, ಎರಡು ಮಣ್ಣಿನ ಕುಂಡ. ಬೇರೆ ಫ್ರಿಜ್ಜೇ ಇದ್ದರೆ ಅದರ ಜೊತೆಗೆ ಒಂದು ಕುಂಡ ಸ್ಯಾಕ್ಸಾಟಿಲಿಸ್. ಪಾಲಿಹೌಸ್‌ನಲ್ಲಿ ಸೇವಂತಿಗೆ, ಗುಲಾಬಿ ಬೆಳೆಯುವ ರೈತರು ಇದನ್ನು ಬೆಳೆಯೆಂದು ನಂಬಿ ಹಣ ಹಾಕಬೇಡಿ: ಪ್ರತಿ ವರ್ಷ ಹೊಸ ಗೆಡ್ಡೆ, ಶೀತಲ ಕೋಣೆ ಎರಡರ ಖರ್ಚೂ ಬೀಳುತ್ತದೆ, ಕಾಡು ಜಾತಿಯ ಗಿಡ್ಡ ದಂಟಿಗೆ ಹೂಮಾರುಕಟ್ಟೆಯಲ್ಲಿ ಬೆಲೆ ಇಲ್ಲ. ಫ್ರಿಜ್ಜೂ ಇಲ್ಲ, ದುಡ್ಡೂ ಕಡಿಮೆ ಎನ್ನುವವರು ಈ ವರ್ಷ ಸಿಯಾಮ್ ಟ್ಯುಲಿಪ್ ನೆಡಿ, ನವೆಂಬರಿನಲ್ಲಿ ಎಲೆ ಹಳದಿಯಾದ ಕೂಡಲೇ ನೀರು ನಿಲ್ಲಿಸಿ, ಕುಂಡವನ್ನು ಹಾಗೇ ಒಣ ಜಾಗದಲ್ಲಿ ಮೇ ತಿಂಗಳವರೆಗೆ ಇಡಿ.